ಆಟೋಮ್ಯಾಟಿಕ್ ಗೇರ್‌ಬಾಕ್ಸ್: ತಾಳಿಕೆಯ ಮಿತಿ ಮತ್ತು ಬಲವರ್ಧನೆ

ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಾಳುವ ಟಾರ್ಕನ್ನು ತಯಾರಕರು ನ್ಯೂಟನ್ ಮೀಟರುಗಳಲ್ಲಿ ನಿಗದಿಪಡಿಸುತ್ತಾರೆ. ಬಳಕೆಯಲ್ಲಿ ಅದನ್ನು ಮೊದಲು ಸೋಲಿಸುವುದು ಮಾತ್ರ ಸಾಮಾನ್ಯವಾಗಿ ಬಿಸಿ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ, ಎರಡು ಒಣ ಕ್ಲಚ್ಚುಗಳ ಡಿಕ್ಯು200 ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಅದನ್ನು ಹೊತ್ತ ವರ್ಟಸ್‌ನ 1.5 ಲೀಟರ್ ಎಂಜಿನ್ ಕೊಡುವುದೂ ಅಷ್ಟೇ. ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಟಾರ್ಕ್ ಏರಿಸಿದರೆ ಅಂದೇ ಮಿತಿ ದಾಟಿದಂತೆ. ಹಾಗೆ ಮಾಡಿಸಿದ ಕಾರುಗಳೂ ಚೆನ್ನಾಗಿಯೇ ಓಡುತ್ತವಲ್ಲ ಎಂಬ ವಾದ ಪೂರ್ತಿ ಸುಳ್ಳಲ್ಲ: ತುಮಕೂರು–ಬೆಂಗಳೂರು ಹೆದ್ದಾರಿಯ ಸಮವೇಗದಲ್ಲಿ ಕ್ಲಚ್ ಜಾರದು, ಬಿಸಿಯೂ ಏರದು. ಆದರೆ ಗುಬ್ಬಿಯ ದಾರಿಯ ಚಾರ್ಮಾಡಿಯನ್ನೋ ಕುಣಿಗಲ್ ದಾರಿಯ ಶಿರಾಡಿಯನ್ನೋ ಇಳಿದು ಕರಾವಳಿಗೆ ಹೋದ ಕಾರು, ಮರಳುವಾಗ ತುಂಬಿದ ಹೊರೆಯೊಂದಿಗೆ ಲಾರಿಗಳ ಹಿಂದೆ ತೆವಳುತ್ತ ಘಾಟಿ ಹತ್ತಿದರೆ ಲೆಕ್ಕವೇ ಬೇರೆ. ಒಣ ಕ್ಲಚ್ಚಿಗೆ ಎಣ್ಣೆಯ ತಂಪಿಲ್ಲ, ಹಾಗಾಗಿ ಆಯಿಲ್ ಕೂಲರ್ ಅದನ್ನು ಉಳಿಸದು.

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನಲ್ಲಿ ಕೂಲರೇ, ಸಕಾಲಕ್ಕೆ ಬದಲಿಸಿದ ಎಣ್ಣೆಯೇ ಮೊದಲ ಬಲವರ್ಧನೆ. ಗಟ್ಟಿ ಕ್ಲಚ್ ಪ್ಲೇಟು, ಹೆಚ್ಚಿನ ಎಣ್ಣೆ ಒತ್ತಡ ಆಮೇಲಿನವು. ಒತ್ತಡ ಏರಿಸಿದರೆ ಜಾರಿಕೆ ತಗ್ಗುತ್ತದೆ ನಿಜ, ಹೊಡೆತ ಮಾತ್ರ ಶಾಫ್ಟಿಗೆ ಬೀಳುತ್ತದೆ. ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿಗಳಿರುವ ಸಿವಿಟಿಯಲ್ಲಿ ಬಲವರ್ಧನೆಯ ಸಾಹಸಕ್ಕೆ ಎಡೆ ಇನ್ನೂ ಕಡಿಮೆ: ಬೆಲ್ಟ್ ಜಾರಿದರೆ ಪುಲ್ಲಿಯ ಮೈಯೇ ಗೀರಿಹೋಗುತ್ತದೆ.