ಮಾಳಿಗೆಯ ಮೇಲಿನ ಹುಲ್ಲು

ಚಳ್ಳಕೆರೆ ಕಡೆಯ ನಮ್ಮ ಅಜ್ಜಿಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತೆ, ಅವುಗಳ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣು. ನೆನೆದರೆ ಅಂಟಾಗಿ ಸಂದು ಮುಚ್ಚಿಕೊಳ್ಳುವ ಸೌಳುಮಣ್ಣು ಅದು. ಮುಂಗಾರಿಗೆ ಮುಂಚೆ ಹೊಸದಾಗಿ ಹರಡಬೇಕು. ಅಷ್ಟಾದರೂ ಮಳೆ ಬಿದ್ದ ಮೇಲೆ ಅಲ್ಲಲ್ಲಿ ಹುಲ್ಲು ಚಿಗುರುತ್ತಿತ್ತು. ಅಜ್ಜಿ ನಮ್ಮನ್ನು ಏಣಿ ಹತ್ತಿಸಿ ಕೀಳಿಸುವಳು. "ಬೇರು ಇಳಿದ ಕಡೆ ನೀರೂ ಇಳಿಯುತ್ತೆ ಕಣೇ" ಎನ್ನುವಳು.

ಆ ಮಾತು ನೆನಪಾದದ್ದು ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ, ನಮ್ಮತ್ತೆಯ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿದ ರಾತ್ರಿ!

ಈ ನಗರಕ್ಕೆ ತಾರಸಿ ತೋಟದ ಹುಚ್ಚು ಹಿಡಿಸಿದವರಲ್ಲಿ ಮೊದಲಿಗರು ಡಾ. ಬಿ. ಎನ್. ವಿಶ್ವನಾಥ್. 1990ರ ದಶಕದಿಂದಲೇ ಹೇಳಿಕೊಡುತ್ತ ಬಂದರು. 2010ರಲ್ಲಿ ನೆರೆಹೊರೆಯವರೇ ಟ್ರಸ್ಟ್ ಕಟ್ಟಿಕೊಂಡು ನಮ್ಮ ಕೆರೆಯ ಆರೈಕೆಗೆ ನಿಂತರು. ದಂಡೆ ಹಸುರಾದದ್ದು ಕಂಡು ನನಗೂ ಆಸೆ. ಕುಂಡಗಳಲ್ಲಿ ಬೆಳೆದಿದ್ದರೆ ಸಾಕಿತ್ತು. ನಾನು ತಾರಸಿಗೇ ಮಣ್ಣು ಸುರಿಸಿ ಗರಿಕೆ ನೆಡಿಸಿದೆ. ನಾಲ್ಕಂಗುಲ ಒದ್ದೆ ಮಣ್ಣು ಚದರಡಿಗೆ 15 ಕಿಲೋ ಮೀರುತ್ತದೆಂದು ಮೇಸ್ತ್ರಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಲ್ಲ ಇಳಿಸಿದೆವು. ಚಾವಣಿ ಎಷ್ಟು ಭಾರ ತಡೆದೀತೆಂದು ಇಂಜಿನಿಯರರು ಲೆಕ್ಕ ಹಾಕಿದ ಮೇಲೆಯೇ ಮುಂದಿನ ಕೆಲಸ. ಜರ್ಮನಿಯಲ್ಲಿ 1970ರ ದಶಕದಿಂದ ಬೆಳೆದುಬಂದ ಪದ್ಧತಿಯಂತೆ ಮೊದಲು ನೀರು ತಡೆಯುವ ಲೇಪ, ಬೇರು ತಡೆಯುವ ಹಾಳೆ, ನೀರು ಬಸಿಯಲು ಜಲ್ಲಿ, ಸೋಸುವ ಬಟ್ಟೆ. ಕೊನೆಗೆ ತೆಂಗಿನ ನಾರಿನ ಪುಡಿ ಬೆರೆಸಿದ ಹಗುರ ಮಣ್ಣು. ಅಜ್ಜಿಯ ಪದರಗಳೇ ಅಲ್ಲವೇ, ಹುಲ್ಲಿಗೆ ಮಾತ್ರ ಈಗ ಅಪ್ಪಣೆ ಸಿಕ್ಕಿದೆ.

ಅತ್ತೆ ಮಾತ್ರ ಮಳೆಗಾಲ ಮುಗಿಯುವವರೆಗೂ ನಡುಮನೆಯಲ್ಲೇ ಮಲಗಿದರು.