ವಿದ್ಯುತ್ ಗಿಟಾರ್ ಪಿಕಪ್‌ನ ಎತ್ತರ ಹೊಂದಾಣಿಕೆ

ವಿದ್ಯುತ್ ಗಿಟಾರ್ ಪಿಕಪ್‌ನ ಎತ್ತರ ಹೊಂದಾಣಿಕೆ ಎಂದರೆ ಗಿಟಾರ್‌ನ ತಂತಿಗಳಿಗೂ ಅವುಗಳ ಕೆಳಗೆ ಅಳವಡಿಸಿರುವ ಪಿಕಪ್‌ಗೂ ನಡುವೆ ಇರುವ ಅಂತರವನ್ನು ಸ್ಕ್ರೂಗಳ ನೆರವಿನಿಂದ ಹೆಚ್ಚಿಸುವ ಅಥವಾ ಕಡಿಮೆ ಮಾಡುವ ಕ್ರಿಯೆ. ಈ ಅಂತರವು ಸಾಮಾನ್ಯವಾಗಿ 1.5ರಿಂದ 3.5 ಮಿ.ಮೀ. ಒಳಗಿರುತ್ತದೆ. ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸವೂ ವಾದ್ಯದ ಧ್ವನಿಬಲ, ನಾದದ ಗುಣ, ತಂತಿಗಳ ನಡುವಿನ ಸಮತೋಲನ ಮತ್ತು ಶ್ರುತಿಶುದ್ಧತೆಯ ಮೇಲೆ ಕಿವಿಗೆ ತಿಳಿಯುವಷ್ಟು ಪರಿಣಾಮ ಬೀರುತ್ತದೆ. ಇದಕ್ಕೆ ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಅಳತೆಪಟ್ಟಿಯ ಹೊರತು ಬೇರೆ ಸಲಕರಣೆ ಬೇಕಿಲ್ಲ. ಮಾಡಿದ ಬದಲಾವಣೆ ಹಿಡಿಸದಿದ್ದರೆ ಮೊದಲಿನ ಸ್ಥಿತಿಗೆ ಮರಳಿಸಬಹುದು. ಆದುದರಿಂದ ಧ್ವನಿ ಸರಿಯಿಲ್ಲವೆಂದು ಪಿಕಪ್ ಅನ್ನೇ ಬದಲಿಸುವ ಮೊದಲು ಪರೀಕ್ಷಿಸಬೇಕಾದ ಅಂಶಗಳಲ್ಲಿ ಇದು ಮುಖ್ಯವಾದುದು.

ಪಿಕಪ್‌ನ ಕಾರ್ಯವಿಧಾನ

ಪಿಕಪ್ ಎಂಬುದು ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿಯ ಸುರುಳಿಯಿಂದ ಕೂಡಿದ ಸಾಧನ. ಸುರುಳಿಗೆ ಬಳಸುವ ತಂತಿ ತಲೆಗೂದಲಿನಷ್ಟು ತೆಳು. ಅದನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನು ಕಾಂತೀಕರಿಸುತ್ತದೆ. ಮೀಟಿದ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಅದೇ ಲಯದಲ್ಲಿ ಏರಿಳಿಯುತ್ತದೆ. ಅದರಿಂದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಆಂಪ್ಲಿಫೈಯರ್ ಇದನ್ನು ವರ್ಧಿಸಿ ಸ್ಪೀಕರ್‌ಗೆ ಕಳುಹಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲತತ್ತ್ವ.

ಪಿಕಪ್ ಗಾಳಿಯಲ್ಲಿನ ಶಬ್ದವನ್ನು ಗ್ರಹಿಸುವುದಿಲ್ಲ. ತಂತಿಯ ಚಲನೆಯನ್ನು ಮಾತ್ರ ಗ್ರಹಿಸುತ್ತದೆ. ಆದ್ದರಿಂದ ನೈಲಾನ್ ತಂತಿಗಳಿಗೆ ಅದು ಸ್ಪಂದಿಸುವುದಿಲ್ಲ. ತಂತಿಯಿಂದ ದೂರ ಸರಿದಂತೆ ಸಂಕೇತದ ಬಲ ಬೇಗನೆ ಕುಗ್ಗುತ್ತದೆ. ಎತ್ತರದ ಅಲ್ಪ ಬದಲಾವಣೆಯೂ ಕೇಳಿಸುವುದಕ್ಕೆ ಇದೇ ಕಾರಣ.

ಐತಿಹಾಸಿಕ ಹಿನ್ನೆಲೆ

ಅಮೆರಿಕದಲ್ಲಿ ಜಾರ್ಜ್ ಬೋಚಾಂಪ್ 1931ರಲ್ಲಿ ರೂಪಿಸಿದ, ‘ಫ್ರೈಯಿಂಗ್ ಪ್ಯಾನ್’ ಎಂದು ಹೆಸರಾದ ಹವಾಯಿಯನ್ ಗಿಟಾರ್ ಕಾಂತೀಯ ಪಿಕಪ್ ಬಳಸಿದ ಮೊದಲ ಯಶಸ್ವಿ ವಾದ್ಯವೆಂದು ಪರಿಗಣಿತವಾಗಿದೆ. ಅದರ ಹಕ್ಕುಪತ್ರ 1937ರಲ್ಲಿ ದೊರೆಯಿತು. ಫೆಂಡರ್ ಸಂಸ್ಥೆ 1954ರಲ್ಲಿ ಹೊರತಂದ ಸ್ಟ್ರಾಟೋಕ್ಯಾಸ್ಟರ್ ಗಿಟಾರ್‌ನಲ್ಲಿ ಒಂದೇ ಸುರುಳಿಯ ಮೂರು ಪಿಕಪ್‌ಗಳಿದ್ದವು. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ರೂಪಿಸಿದ, ಎರಡು ಸುರುಳಿಗಳುಳ್ಳ ಹಂಬಕರ್ ಪಿಕಪ್ 1957ರಿಂದ ಬಳಕೆಗೆ ಬಂದಿತು. ಎರಡು ಸುರುಳಿಗಳು ವಿದ್ಯುತ್ ಜಾಲದಿಂದ ಬರುವ ಗುಂಯ್‌ಗುಡುವಿಕೆಯನ್ನು ಪರಸ್ಪರ ರದ್ದುಪಡಿಸುವಂತೆ ಜೋಡಣೆಯಾಗಿರುವುದು ಇದರ ವಿಶೇಷ. ಇಂದಿನ ಬಹುಪಾಲು ಪಿಕಪ್‌ಗಳು ಈ ಎರಡು ಬಗೆಗಳ ರೂಪಾಂತರಗಳೇ ಆಗಿವೆ.

ಎತ್ತರದ ಪರಿಣಾಮಗಳು

ಪಿಕಪ್ ತಂತಿಗೆ ಹತ್ತಿರವಾದಷ್ಟೂ ಧ್ವನಿ ಗಟ್ಟಿಯಾಗಿಯೂ ಪ್ರಖರವಾಗಿಯೂ ಕೇಳಿಸುತ್ತದೆ. ಮೀಟಿದ ಕ್ಷಣದ ಆಘಾತ ಸ್ಪಷ್ಟವಾಗುತ್ತದೆ. ಆಂಪ್ಲಿಫೈಯರ್ ಬೇಗನೆ ಒಡಕು ಧ್ವನಿಯತ್ತ ಸಾಗುತ್ತದೆ. ದೂರವಾದಷ್ಟೂ ಧ್ವನಿ ಮೃದುವಾಗಿ, ಮೆಲುವಾಗಿ, ಬೆರಳಿನ ಒತ್ತಡದ ಸೂಕ್ಷ್ಮ ಏರಿಳಿತಗಳನ್ನು ತೋರಿಸುವಂತಾಗುತ್ತದೆ. ತೀರಾ ದೂರವಾದರೆ ನಾದ ಜೀವ ಕಳೆದುಕೊಂಡು ತೆಳುವಾಗುತ್ತದೆ.

ತೀರಾ ಹತ್ತಿರ ತಂದರೂ ತೊಂದರೆಯಿದೆ. ಅಯಸ್ಕಾಂತವು ತಂತಿಯನ್ನು ತನ್ನತ್ತ ಸೆಳೆಯುವುದರಿಂದ, ಮೇಲೆ-ಕೆಳಗೆ ಆಗುವ ಕಂಪನದ ಆವೃತ್ತಿ ಪಕ್ಕಕ್ಕೆ ಆಗುವ ಕಂಪನದ ಆವೃತ್ತಿಗಿಂತ ಕೊಂಚ ಕಡಿಮೆಯಾಗುತ್ತದೆ. ಈ ಎರಡು ಆವೃತ್ತಿಗಳು ಬೆರೆತಾಗ ಒಂದೇ ತಂತಿಯಿಂದ ಎರಡು ಸ್ವರ ಹೊರಟಂತೆ, ಅಲೆಅಲೆಯಾಗಿ ನಡುಗುವ ನಾದ ಕೇಳಿಸುತ್ತದೆ. ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಗಿಟಾರ್‌ಗಳಲ್ಲಿ ಇದು ಹೆಚ್ಚಾಗಿ ಕಾಣಿಸುವುದರಿಂದ ವಾದಕರು ಇದನ್ನು ‘ಸ್ಟ್ರಾಟೈಟಿಸ್’ ಎಂದು ತಮಾಷೆಯಾಗಿ ಕರೆಯುತ್ತಾರೆ. ದಪ್ಪನೆಯ ಆರನೆಯ ತಂತಿಯನ್ನು ಹನ್ನೆರಡನೆಯ ಫ್ರೆಟ್‌ನ ಆಚೆ ಒತ್ತಿ ಮೀಟಿದಾಗ ಈ ದೋಷ ಸುಲಭವಾಗಿ ಪತ್ತೆಯಾಗುತ್ತದೆ. ಅಂತಹ ವಾದ್ಯವನ್ನು ಎಷ್ಟು ಬಾರಿ ಶ್ರುತಿ ಮಾಡಿದರೂ ಮೇಲಿನ ಸ್ವರಸ್ಥಾನಗಳು ಕೂಡಿಬರುವುದಿಲ್ಲ. ದೋಷವಿರುವುದು ಶ್ರುತಿ ಮಾಡುವ ಕೀಲಿಯಲ್ಲಿ ಅಲ್ಲ, ಪಿಕಪ್‌ನ ಎತ್ತರದಲ್ಲಿ. ಇದೇ ಸೆಳೆತದಿಂದ ನಾದವು ಬೇಗನೆ ಅಡಗುವುದೂ ಉಂಟು.

ಸಾಮಾನ್ಯ ಅಳತೆಗಳು

ಅಳತೆಯನ್ನು ತಂತಿಯ ತಳದಿಂದ ಪಿಕಪ್‌ನ ಧ್ರುವದ ಮೇಲ್ತುದಿಯವರೆಗೆ ತೆಗೆದುಕೊಳ್ಳಲಾಗುತ್ತದೆ. ಆ ವೇಳೆ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಿರಬೇಕು. ದಪ್ಪ ತಂತಿಗಳಿರುವ ಕಡೆಯನ್ನು ಮಂದ್ರದ ಬದಿ ಎಂದೂ ತೆಳು ತಂತಿಗಳಿರುವ ಕಡೆಯನ್ನು ತಾರದ ಬದಿ ಎಂದೂ ಇಲ್ಲಿ ಹೆಸರಿಸಲಾಗಿದೆ.

• ಫೆಂಡರ್‌ನ ಹಳೆಯ ಮಾದರಿಯ ಒಂಟಿ ಸುರುಳಿ ಪಿಕಪ್: ಮಂದ್ರದ ಬದಿ 2.4 ಮಿ.ಮೀ., ತಾರದ ಬದಿ 2 ಮಿ.ಮೀ.
• ಫೆಂಡರ್‌ನ ಸಾಧಾರಣ ಒಂಟಿ ಸುರುಳಿ ಪಿಕಪ್: ಮಂದ್ರದ ಬದಿ 2 ಮಿ.ಮೀ., ತಾರದ ಬದಿ 1.6 ಮಿ.ಮೀ.
• ಫೆಂಡರ್‌ನ ಹಂಬಕರ್ ಪಿಕಪ್: ಎರಡೂ ಬದಿ 1.6 ಮಿ.ಮೀ.
• ಗಿಬ್ಸನ್ ಹಂಬಕರ್: ಕುತ್ತಿಗೆಯ ಬಳಿಯದು 2.4 ಮಿ.ಮೀ., ಬ್ರಿಡ್ಜ್ ಬಳಿಯದು 1.6 ಮಿ.ಮೀ.

ಇವು ಆರಂಭದ ಅಳತೆಗಳು ಮಾತ್ರ. ಅಯಸ್ಕಾಂತದ ಬಲ, ತಂತಿಯ ದಪ್ಪ ಮತ್ತು ವಾದಕನ ಮೀಟಿನ ಬಿರುಸಿಗೆ ತಕ್ಕಂತೆ ಅಂತಿಮ ಅಳತೆ ಬದಲಾಗುತ್ತದೆ. ಬ್ಯಾಟರಿ ಬಳಸುವ ಸಕ್ರಿಯ ಪಿಕಪ್‌ಗಳಲ್ಲಿ ಅಯಸ್ಕಾಂತದ ಸೆಳೆತ ಸಾಮಾನ್ಯವಾಗಿ ಕಡಿಮೆಯಿರುವುದರಿಂದ ಅವನ್ನು ತಂತಿಗೆ ಇನ್ನಷ್ಟು ಸಮೀಪ ತರಬಹುದು.

ಮಂದ್ರದ ಬದಿಯನ್ನು ಕೆಳಗಿಡುವುದಕ್ಕೆ ಕಾರಣ, ದಪ್ಪ ತಂತಿಯಲ್ಲಿ ಉಕ್ಕಿನ ಪ್ರಮಾಣ ಹೆಚ್ಚಿದ್ದು ಅದು ಅಗಲವಾಗಿ ಕಂಪಿಸುವುದು. ಬ್ರಿಡ್ಜ್‌ನ ಬಳಿ ತಂತಿಯ ಚಲನೆ ಕಿರಿದಾಗಿರುವುದರಿಂದ ಅಲ್ಲಿನ ಪಿಕಪ್ ಎತ್ತರದಲ್ಲಿರಬೇಕು. ಕುತ್ತಿಗೆಯ ಬಳಿ ಚಲನೆ ಅಗಲವಾಗಿರುವುದರಿಂದ ಅಲ್ಲಿನದು ತಗ್ಗಿನಲ್ಲಿರಬೇಕು.

ಹೊಂದಿಸುವ ಕ್ರಮ

1. ಹಳೆಯ ತಂತಿಗಳ ನಾದ ಮಂಕಾಗಿರುವುದರಿಂದ ಹೊಸ ತಂತಿಗಳನ್ನು ಹಾಕಿ ಶ್ರುತಿ ಮಾಡಿಕೊಳ್ಳಬೇಕು. ಕುತ್ತಿಗೆಯ ಬಾಗು ಮತ್ತು ಬ್ರಿಡ್ಜ್‌ನಲ್ಲಿ ತಂತಿಯ ಎತ್ತರವನ್ನು ಮೊದಲೇ ಸರಿಪಡಿಸಿರಬೇಕು. ಅವು ಬದಲಾದರೆ ಪಿಕಪ್‌ನ ಅಂತರವೂ ಬದಲಾಗುತ್ತದೆ.

2. ಈಗಿರುವ ಅಳತೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಉಕ್ಕಿನ ಅಳತೆಪಟ್ಟಿ ಅಯಸ್ಕಾಂತಕ್ಕೆ ಅಂಟಿಕೊಳ್ಳುವುದರಿಂದ ಪ್ಲಾಸ್ಟಿಕ್ ಪಟ್ಟಿ ಲೇಸು. ಶಾಲಾಮಕ್ಕಳ ಪಟ್ಟಿಯಲ್ಲಿ ಸೊನ್ನೆಯ ಗುರುತು ತುದಿಯಿಂದ ತುಸು ಒಳಗಿರುತ್ತದೆ; ಆ ಹೆಚ್ಚುವರಿ ಭಾಗವನ್ನು ಉಜ್ಜಿ ತೆಗೆದರೆ ಅಳತೆ ತಪ್ಪುವುದಿಲ್ಲ.

3. ಪಿಕಪ್‌ನ ಎರಡು ತುದಿಗಳಲ್ಲಿರುವ ಸ್ಕ್ರೂಗಳನ್ನು ಗುರುತಿಸಬೇಕು. ಇವುಗಳ ಅಡಿಯಲ್ಲಿ ಸ್ಪ್ರಿಂಗ್ ಅಥವಾ ರಬ್ಬರ್ ಕೊಳವೆ ಇರುತ್ತದೆ. ಸ್ಟ್ರಾಟೋಕ್ಯಾಸ್ಟರ್ ಮಾದರಿಯಲ್ಲೂ ಚೌಕಟ್ಟಿನೊಳಗೆ ಕೂರಿಸಿದ ಹಂಬಕರ್‌ನಲ್ಲೂ ಸ್ಕ್ರೂವನ್ನು ಬಲಕ್ಕೆ ತಿರುಗಿಸಿದರೆ ಪಿಕಪ್ ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ನೇರವಾಗಿ ಮರಕ್ಕೆ ಬಿಗಿದ ಪಿಕಪ್‌ಗಳಲ್ಲಿ ಇದು ತದ್ವಿರುದ್ಧ.

4. ಪ್ರತಿ ಪಿಕಪ್ ಅನ್ನೂ ಮೇಲಿನ ಆರಂಭದ ಅಳತೆಗೆ ತಂದು, ಆಂಪ್ಲಿಫೈಯರ್‌ನಲ್ಲಿ ಒಡಕಿಲ್ಲದ ಶುದ್ಧ ಧ್ವನಿಯನ್ನಿಟ್ಟು ಆಲಿಸಬೇಕು. ಒಡಕು ಧ್ವನಿಯಲ್ಲಿ ಸೂಕ್ಷ್ಮ ವ್ಯತ್ಯಾಸಗಳು ಮರೆಯಾಗುತ್ತವೆ.

5. ಮೊದಲು ಕುತ್ತಿಗೆಯ ಬಳಿಯ ಪಿಕಪ್ ಅನ್ನು ಹೊಂದಿಸಬೇಕು. ಆರನೆಯ ತಂತಿಯ ಮೇಲಿನ ಸ್ವರಗಳಲ್ಲಿ ನಡುಕ ಕೇಳಿಸಿದರೆ ಅದು ನಿಲ್ಲುವವರೆಗೆ ಮಂದ್ರದ ಬದಿಯ ಸ್ಕ್ರೂವನ್ನು ಒಂದು ಬಾರಿಗೆ ಅರ್ಧ ಸುತ್ತಿನಂತೆ ಇಳಿಸಬೇಕು. ಬಳಿಕ ತಾರದ ಬದಿಯನ್ನು ಅದಕ್ಕೆ ಸಮನಾಗುವಂತೆ ತಿದ್ದಬೇಕು.

6. ಅನಂತರ ಬ್ರಿಡ್ಜ್ ಬಳಿಯ ಪಿಕಪ್ ಅನ್ನು, ಸ್ವಿಚ್ ಬದಲಿಸಿದಾಗ ಧ್ವನಿಬಲ ಒಮ್ಮೆಲೆ ಕುಸಿಯದಂತೆ ಅಥವಾ ಎಗರದಂತೆ ಏರಿಸಬೇಕು. ನಡುವಿನ ಪಿಕಪ್ ಇದ್ದರೆ ಅದು ಕೊನೆಯ ಸರದಿ.

7. ಹಂಬಕರ್‌ನಲ್ಲಿ ಪ್ರತಿ ತಂತಿಯ ಕೆಳಗೂ ಧ್ರುವದ ಸ್ಕ್ರೂ ಇದ್ದರೆ, ಒಂದೇ ತಂತಿ ಹೆಚ್ಚು ಕಡಿಮೆ ಕೇಳಿಸುವಾಗ ಅದನ್ನು ತಿದ್ದಲು ಬಳಸಬಹುದು.

8. ಕೊನೆಯಲ್ಲಿ ಮತ್ತೆ ಶ್ರುತಿ ಮಾಡಿ, ಒತ್ತದ ತಂತಿಯ ಸ್ವರವನ್ನೂ ಹನ್ನೆರಡನೆಯ ಫ್ರೆಟ್‌ನ ಸ್ವರವನ್ನೂ ಹೋಲಿಸಿ ಬ್ರಿಡ್ಜ್‌ನಲ್ಲಿ ತಂತಿಯ ಉದ್ದವನ್ನು ಪರಿಶೀಲಿಸಬೇಕು.

ಎಚ್ಚರಿಕೆ: ಹಳೆಯ ಮಾದರಿಯ ಒಂಟಿ ಸುರುಳಿ ಪಿಕಪ್‌ಗಳಲ್ಲಿ ತಾಮ್ರದ ತಂತಿಯನ್ನು ಅಯಸ್ಕಾಂತದ ಕಡ್ಡಿಗಳ ಮೇಲೆಯೇ ಸುತ್ತಿರುತ್ತಾರೆ. ಕಡ್ಡಿಗಳನ್ನು ಒತ್ತಿದರೆ ಅಥವಾ ಎಳೆದರೆ ಸುರುಳಿ ಕಡಿದು ಪಿಕಪ್ ಹಾಳಾಗುತ್ತದೆ. ಸ್ಕ್ರೂ ಪೂರ್ತಿ ಕಳಚುವಷ್ಟು ಎಡಕ್ಕೆ ತಿರುಗಿಸಿದರೆ ಪಿಕಪ್ ಒಳಗೆ ಬಿದ್ದುಹೋಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರು ದೇಶದ ರಾಕ್ ಸಂಗೀತದ ಮುಖ್ಯ ಕೇಂದ್ರಗಳಲ್ಲೊಂದು. 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರ ಕ್ರಿಪ್ಟೋಸ್, 2002ರ ಸ್ವರಾತ್ಮ ತಂಡಗಳು ಇಲ್ಲಿಯವೇ. ನಗರದ ಆಚೆ ವಿದ್ಯುತ್ ಗಿಟಾರ್ ಹೆಚ್ಚಾಗಿ ಕಾಣಿಸುವುದು ವಾದ್ಯಗೋಷ್ಠಿಗಳಲ್ಲಿ. ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆಗಳ ಸಂದರ್ಭದಲ್ಲಿ ನಡೆಯುವ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಮತ್ತು ರಿದಂ ಪ್ಯಾಡ್‌ಗಳ ಮೇಳವಿರುತ್ತದೆ. ಮಾರಿಕಣಿವೆಯ ಸುತ್ತಲಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಊರುಗಳ ವಾದಕರಿಗೆ, ವಾದ್ಯವನ್ನು ದೂರದ ನಗರಕ್ಕೆ ಒಯ್ಯದೆ ತಾವೇ ಮಾಡಿಕೊಳ್ಳಬಹುದಾದ ದುರಸ್ತಿಯೆಂಬ ಕಾರಣಕ್ಕೆ ಈ ಹೊಂದಾಣಿಕೆ ಪ್ರಯೋಜನಕಾರಿ.

ಬಯಲು ವೇದಿಕೆಗಳಲ್ಲಿ ದೀಪಗಳ ಸಾಲು, ಜನರೇಟರ್ ಮತ್ತು ಉದ್ದನೆಯ ವಿದ್ಯುತ್ ತಂತಿಗಳಿಂದ ಒಂಟಿ ಸುರುಳಿ ಪಿಕಪ್‌ಗೆ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಭಾರತದ ವಿದ್ಯುತ್ ಜಾಲದ ಆವೃತ್ತಿ 50 ಹರ್ಟ್ಜ್ ಆದುದರಿಂದ ಈ ಸದ್ದು 50 ಹರ್ಟ್ಜ್ ಮತ್ತು ಅದರ ಗುಣಕಗಳಲ್ಲಿರುತ್ತದೆ. ಪಿಕಪ್ ಏರಿಸಿದರೆ ಈ ಸದ್ದು ಅಡಗುವುದಿಲ್ಲ. ಆದರೆ ತಂತಿಯ ಸಂಕೇತ ಬಲಗೊಳ್ಳುವುದರಿಂದ ಅದರ ಎದುರು ಸದ್ದು ಕಡಿಮೆಯೆನಿಸುತ್ತದೆ. ಈ ಆಸೆಗೆ ಪಿಕಪ್ ಅನ್ನು ಮಿತಿಮೀರಿ ಏರಿಸಿದರೆ ಶ್ರುತಿ ಕೆಡುತ್ತದೆ.

ಕರ್ನಾಟಕ ಸಂಗೀತ ಮತ್ತು ಗಮಕ

ಗಮಕಪ್ರಧಾನವಾದ ಕರ್ನಾಟಕ ಸಂಗೀತವನ್ನು ಪಿಕಪ್ ಇರುವ ವಾದ್ಯಗಳಲ್ಲಿ ನುಡಿಸುವವರಿಗೆ ಎತ್ತರದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಯು. ಶ್ರೀನಿವಾಸ್ (1969–2014) ಐದು ತಂತಿಗಳ ವಿದ್ಯುತ್ ಮ್ಯಾಂಡೊಲಿನ್‌ನಲ್ಲಿ ಈ ಸಂಗೀತವನ್ನು ನುಡಿಸಿ ಪ್ರಸಿದ್ಧರಾದರು. ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವಾಗ ಅದು ತನ್ನ ಧ್ರುವದ ನೇರದಿಂದ ಸರಿದು ಎರಡು ಧ್ರುವಗಳ ನಡುವಣ ಜಾಗಕ್ಕೆ ಬರುತ್ತದೆ. ಪಿಕಪ್ ತೀರಾ ಎತ್ತರದಲ್ಲಿದ್ದರೆ ಅಲ್ಲಿ ಧ್ವನಿ ಕುಗ್ಗುವುದು ಎದ್ದು ಕೇಳಿಸುತ್ತದೆ. ತುಸು ತಗ್ಗಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಧ್ರುವಗಳ ಬದಲು ಉದ್ದನೆಯ ಪಟ್ಟಿಯುಳ್ಳ ಪಿಕಪ್‌ಗಳಲ್ಲಿ ಈ ಕುಗ್ಗುವಿಕೆ ಇನ್ನೂ ಕಡಿಮೆ. ಶ್ರುತಿಶುದ್ಧಿಯೇ ಮುಖ್ಯವಾದ ಆಲಾಪನೆಯಲ್ಲಿ, ಅಯಸ್ಕಾಂತದ ಸೆಳೆತದಿಂದ ನಡುಗುವ ಸ್ವರ ಗಮಕವೆನಿಸದೆ ದೋಷವಾಗಿಯೇ ಕೇಳಿಸುತ್ತದೆ.

ವೀಣೆಗೂ ಕಾಂತೀಯ ಪಿಕಪ್ ಅಳವಡಿಸುವುದುಂಟು. ವೀಣೆಯ ಮಂದ್ರದ ತಂತಿಗಳಿಗೆ ಹಿತ್ತಾಳೆ ಅಥವಾ ತಾಮ್ರದ ಸುತ್ತು ಇದ್ದಲ್ಲಿ ಆ ಸುತ್ತು ಕಾಂತಕ್ಕೆ ಸ್ಪಂದಿಸದು, ಒಳಗಿನ ಉಕ್ಕಿನ ಎಳೆ ಮಾತ್ರ ಸ್ಪಂದಿಸುತ್ತದೆ. ಹೀಗಾಗಿ ಗಿಟಾರ್‌ಗೆ ವಿರುದ್ಧವಾಗಿ, ಇಲ್ಲಿ ಮಂದ್ರದ ಬದಿಯನ್ನೇ ಹೆಚ್ಚು ಸಮೀಪ ತರಬೇಕಾಗಬಹುದು. ವೀಣೆಯ ಮರಕ್ಕೆ ಅಂಟಿಸುವ ಸಂಪರ್ಕ ಮೈಕ್ ಬೇರೆ ಬಗೆಯದು. ಅದು ಮರದ ಕಂಪನವನ್ನು ಗ್ರಹಿಸುವುದರಿಂದ ಅದಕ್ಕೆ ಈ ಹೊಂದಾಣಿಕೆ ಅನ್ವಯಿಸುವುದಿಲ್ಲ.

ಮಿತಿಗಳು

ಎಲ್ಲ ದೋಷಗಳಿಗೂ ಪಿಕಪ್‌ನ ಎತ್ತರ ಕಾರಣವಲ್ಲ. ಗುಂಡಿ ತಿರುಗಿಸುವಾಗ ಬರುವ ಕರಕರ ಸದ್ದು ಧ್ವನಿ ನಿಯಂತ್ರಕದ ಧೂಳಿನಿಂದ ಬರುವಂಥದ್ದು. ಕೇಬಲ್ ಅಲುಗಾಡಿಸಿದಾಗ ಧ್ವನಿ ಕಡಿದುಹೋದರೆ ಜ್ಯಾಕ್ ಅಥವಾ ಬೆಸುಗೆ ಸಡಿಲವಾಗಿರುತ್ತದೆ. ಎತ್ತರ ಹೇಗಿದ್ದರೂ ಪಿಕಪ್ ನಿಶ್ಶಬ್ದವಾಗಿದ್ದರೆ ಸುರುಳಿ ಅಥವಾ ಅದರ ಜೋಡಣೆ ಕಡಿದಿರುವ ಸಾಧ್ಯತೆಯಿದೆ. ಅದನ್ನು ಮಲ್ಟಿಮೀಟರ್‌ನಿಂದ ಪರೀಕ್ಷಿಸಬಹುದು. ಇವುಗಳನ್ನು ಬಿಟ್ಟು ಉಳಿದಂತೆ ಧ್ವನಿ ಮಂಕು, ತಂತಿಗಳ ನಡುವೆ ಅಸಮತೋಲನ, ಮೇಲಿನ ಸ್ವರಗಳ ನಡುಕ ಎಂಬ ಮೂರು ದೂರುಗಳಿಗೆ ಹೊಸ ಪಿಕಪ್ ಕೊಳ್ಳುವ ಮೊದಲು ಇರುವ ಪಿಕಪ್‌ನ ಎತ್ತರವನ್ನು ತಿದ್ದಿ ನೋಡುವುದು ಖರ್ಚಿಲ್ಲದ ಪರಿಹಾರವಾಗಿದೆ.