ಮೊಡವೆಯ ಚರಿತ್ರೆ

ಮನೆಯ ಮಕ್ಕಳು ಹದಿನಾಲ್ಕು ಹದಿನೈದರ ಪ್ರಾಯವನ್ನು ಮುಟ್ಟಿ, ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚುತ್ತ ಬಂದಂತೆ ಹಿರಿಯರ ಉಪದೇಶವೂ ಹೆಚ್ಚುತ್ತ ಬರುತ್ತದೆ. ಮಾವಿನಹಣ್ಣು ಮಿತಿಮೀರಿತೆಂದು ಅಜ್ಜಿಯೂ, ಎಣ್ಣೆನೀರು ತಪ್ಪಿ ಉಷ್ಣವೇರಿತೆಂದು ತಾಯಿಯೂ, ಮುಖ ತೊಳೆಯುವುದರಲ್ಲಿ ಸೋಮಾರಿತನವೆಂದು ತಂದೆಯೂ ಮೊಡವೆಗೆ ಒಂದೊಂದು ಕಾರಣವನ್ನು ಹೇಳುತ್ತಾರೆ. ಕಾರಣಗಳು ಬೇರೆ ಬೇರೆಯಾದರೂ ತಾತ್ಪರ್ಯ ಒಂದೇ: ತಪ್ಪೆಲ್ಲ ಆ ಹುಡುಗನದು, ಇಲ್ಲವೆ ಆ ಹುಡುಗಿಯದು. ಈ ಆರೋಪಕ್ಕೂ ಒಂದು ಚರಿತ್ರೆಯಿದೆ. ಮೊಡವೆಯ ಚಿಕಿತ್ಸೆಯ ಚರಿತ್ರೆಯಿಂದ ಅದನ್ನು ಬೇರ್ಪಡಿಸಿ ನೋಡಲಾಗದು.

ಸುಶ್ರುತಸಂಹಿತೆಯು ಮೊಡವೆಯನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಎಣಿಸಿ, ತರುಣರ ಮುಖದಲ್ಲಿ ಬೂರುಗದ ಮರದ ಮುಳ್ಳುಗಳಂತೆ ಏಳುವ ಈ ಪಿಡಕೆಗಳು ಕಫ, ವಾತ, ರಕ್ತಗಳಿಂದ ಜನಿಸುವುವೆಂದು ನಿರೂಪಿಸುತ್ತದೆ. ಬೂರುಗದ ಎಳೆಯ ಕಾಂಡವನ್ನು ಕಂಡವರಿಗೆ, ಬುಡ ಅಗಲವಾಗಿ ತುದಿ ಚೂಪಾದ ಆ ಮುಳ್ಳಿನ ಹೋಲಿಕೆ ಎಷ್ಟು ಸೂಕ್ಷ್ಮವಾದ ಅವಲೋಕನದಿಂದ ಹುಟ್ಟಿದುದೆಂಬುದು ವಿದಿತವಾದೀತು. ವಿಧಿಸಿದ ಚಿಕಿತ್ಸೆಯಾದರೋ ವಮನ, ಮತ್ತು ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಗಳ ಲೇಪ. ಇಲ್ಲವೆ ಕೊತ್ತಂಬರಿ ಬೀಜವನ್ನು ಬಜೆ, ಲೋಧ್ರ, ಕೋಷ್ಠಗಳೊಡನೆ ಅರೆದ ಲೇಪ. ಶಾರ್ಙ್ಗಧರಸಂಹಿತೆಯಲ್ಲಿಯೂ ಲೋಧ್ರ, ಕೊತ್ತಂಬರಿ, ಬಜೆಗಳ ಲೇಪವೇ ಮರಳಿ ಬರುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಸುಶ್ರುತದ ಆ ನಿರೂಪಣೆಯಲ್ಲಿ ತಪ್ಪನ್ನು ಕಫ, ವಾತ, ರಕ್ತಗಳ ಮೇಲೆ ಹೊರಿಸಲಾಗಿದೆಯೇ ಹೊರತು ರೋಗಿಯ ನಡತೆಯ ಮೇಲಲ್ಲ.

ಗ್ರಂಥದ ಲೇಪಗಳು ಗ್ರಂಧಿಗೆ ಅಂಗಡಿಯ ಪೊಟ್ಟಣಗಳಾಗಿ ಕನ್ನಡನಾಡಿನ ಮನೆಗಳನ್ನೂ ಸೇರಿದುವು. ಎಳೆಗೂಸಿಗೆ ಬಜೆ ತೇಯುವ ಸಾಣೆಕಲ್ಲಿನ ಮೇಲೆಯೇ ಹರೆಯದ ಮಕ್ಕಳಿಗಾಗಿ ಶ್ರೀಗಂಧವನ್ನೂ, ರಕ್ತಚಂದನವನ್ನೂ, ಜಾಯಿಕಾಯಿಯನ್ನೂ ತೇಯುತ್ತಿದ್ದರು. ಕಸ್ತೂರಿ ಅರಿಸಿನವನ್ನು ಕಡಲೆಹಿಟ್ಟಿನಲ್ಲಿ ಕಲಸಿ ಹಚ್ಚುವುದೂ, ಬೇವಿನ ಎಲೆಯನ್ನು ಕುದಿಸಿದ ನೀರಿನಿಂದ ಮುಖ ತೊಳೆಯುವುದೂ ರೂಢಿಯಲ್ಲಿದ್ದುವು. ಇವುಗಳಿಂದ ಮೊಡವೆ ಪೂರ್ಣವಾಗಿ ಮಾಯವಾಗುತ್ತಿತ್ತೆಂದು ಹೇಳುವುದು ಸಾಹಸವಾದರೂ, ಪಕ್ಕದಲ್ಲಿ ಕುಳಿತು ಗಂಧ ತೇಯ್ದು ಕೊಡುವ ಕೈಯೊಂದು ಇದ್ದುದರಿಂದ ಆ ಮಗು ತನ್ನ ಸಂಕಟದಲ್ಲಿ ಏಕಾಕಿಯಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ಯೂರೋಪಿನಲ್ಲಿ ಚರ್ಮರೋಗಗಳಿಗೆ ಕ್ರಮಬದ್ಧವಾದ ವರ್ಗೀಕರಣವನ್ನು ರೂಪಿಸಿದವರಲ್ಲಿ ಲಂಡನ್ನಿನ ರಾಬರ್ಟ್ ವಿಲ್ಲನ್ ಪ್ರಮುಖನು. ಅವನ ಶಿಷ್ಯನಾದ ಥಾಮಸ್ ಬೇಟ್‌ಮನ್ 1813ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೊಡವೆಯನ್ನು ಪ್ರಭೇದಗಳಾಗಿ ವಿಂಗಡಿಸಿ ವರ್ಣಿಸಿದನು. ಆದರೆ ವೈದ್ಯರು ಹೀಗೆ ವಿಂಗಡಿಸುತ್ತಿದ್ದ ಕಾಲದಲ್ಲಿಯೇ, ತರುಣರ ಮುಖದ ಮೊಡವೆಯು ಅವರ ಗುಪ್ತವಾದ ದುರಭ್ಯಾಸಗಳ ಬಹಿರಂಗ ಸಾಕ್ಷಿಯೆಂದು ಸಾರುವ ಹೊತ್ತಗೆಗಳೂ ಅಲ್ಲಿ ಪ್ರಚಾರದಲ್ಲಿದ್ದುವು. ಹೀಗೆ ರೋಗವೇ ಪಾಪದ ಚಿಹ್ನೆಯಾದಾಗ, ಮುಖವನ್ನು ಮರೆಮಾಡಲಾರದ ಬಾಲಕನು ಅನುಭವಿಸಿದ ಲಜ್ಜೆಗೆ ಯಾವ ಲೇಪವೂ ಇರಲಿಲ್ಲ.

ಆ ಆರೋಪದ ಬೇರನ್ನು ಕಿತ್ತದ್ದು 20ನೆಯ ಶತಮಾನದ ಶೋಧನೆ. 1941ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ವೃಷಣಗಳಿಲ್ಲದ ಪುರುಷರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ ಅವರಲ್ಲಿ ಕೆಲವರಿಗೆ ಮೊಡವೆ ಏಳುವುದನ್ನು ತೋರಿಸಿದನು. ಪ್ರಾಯಕ್ಕೆ ಬಂದ ದೇಹದಲ್ಲಿ ಗಂಡಿಗಾಗಲಿ ಹೆಣ್ಣಿಗಾಗಲಿ ಹೆಚ್ಚುವ ಈ ಬಗೆಯ ಸ್ರಾವಗಳಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಪ್ರಚೋದಿತವಾಗಿ, ರೋಮಕೂಪದ ಬಾಯಿ ಕಟ್ಟಿಕೊಂಡು, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ವೃದ್ಧಿಹೊಂದಿ ಉರಿಯೂತವುಂಟಾಗುವುದೆಂಬ ಕ್ರಮವು ಕಾಲಾನುಕ್ರಮದಲ್ಲಿ ಸ್ಪಷ್ಟವಾಯಿತು. ಮೂಗಿನ ಮೇಲಿನ ಕಪ್ಪುಚುಕ್ಕೆ ಕೂಡ ಕೊಳೆಯಲ್ಲ; ರೋಮಕೂಪವನ್ನು ಕಟ್ಟಿ ಗಾಳಿಗೆ ತೆರೆದಿರುವ ಜಿಡ್ಡಿನ ಬಿರಡೆಯು ತಾನಾಗಿಯೇ ಕಪ್ಪಾಗುತ್ತದೆ. ಸಿಹಿಯೂ ಹಾಲೂ ಕೆಲವರಲ್ಲಿ ಮೊಡವೆಯನ್ನು ಉಲ್ಬಣಗೊಳಿಸಬಹುದೆಂಬುದಕ್ಕೆ ಈಚೆಗೆ ಸಾಕ್ಷ್ಯ ದೊರೆತಿದೆಯಾದರೂ, ಮೂಲಕಾರಣ ವಯಸ್ಸು ಮತ್ತು ಆನುವಂಶಿಕತೆಯೇ ಹೊರತು ತಿಂದ ತಿಂಡಿಯಲ್ಲ.

ಜ್ಞಾನ ಹೆಚ್ಚಿದಂತೆ ಆತುರವೂ ಹೆಚ್ಚಿತು. ಆ ಆತುರಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಶತಮಾನದ ಪೂರ್ವಾರ್ಧದಲ್ಲಿ ಮೊಡವೆಗೆ ಎಕ್ಸ್-ಕಿರಣಗಳನ್ನು ಹಾಯಿಸುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದವರಲ್ಲಿ ಥೈರಾಯ್ಡ್ ಗ್ರಂಥಿಯ ಅರ್ಬುದವು ಹೆಚ್ಚಾಗಿ ತಲೆದೋರಿದುದು ತರುವಾಯ ತಿಳಿಯಿತು. ಇಂದಿಗೂ ಬಳಕೆಯಲ್ಲಿರುವ ಟ್ರೆಟಿನಾಯಿನ್ ಲೇಪದೊಡನೆ ಸೇರಿಕೊಂಡಿರುವ ಆಲ್ಬರ್ಟ್ ಕ್ಲಿಗ್‌ಮನ್ನನ ಹೆಸರು, ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ ಖೈದಿಗಳ ಚರ್ಮದ ಮೇಲೆ ನಡೆಸಿದ ಪ್ರಯೋಗಗಳ ಕಳಂಕವನ್ನೂ ಹೊತ್ತಿದೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐಸೊಟ್ರೆಟಿನಾಯಿನ್ ಗುಳಿಗೆಯು ಉಗ್ರವಾದ ಮೊಡವೆಯನ್ನೂ ಅಡಗಿಸಿತಾದರೂ, ಗರ್ಭಿಣಿಯರು ಸೇವಿಸಿದರೆ ಶಿಶುವಿಗೆ ಘೋರವಾದ ಅಂಗವೈಕಲ್ಯವನ್ನು ತರಬಲ್ಲುದು. ನಮ್ಮ ದೇಶದಲ್ಲಿಯೋ, ಮುಖವನ್ನು ಬೆಳ್ಳಗಾಗಿಸುವುದೆಂದು ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಸ್ಟಿರಾಯ್ಡ್ ಮಿಶ್ರಿತ ಕ್ರೀಮುಗಳು ಮೊಡವೆಯನ್ನು ಮತ್ತಷ್ಟು ಕೆರಳಿಸುತ್ತಿದ್ದುದರಿಂದ, 2018ರಲ್ಲಿ ಸರ್ಕಾರವು ಅಂಥ ಹಲವು ಔಷಧಗಳನ್ನು ಚೀಟಿಯಿಲ್ಲದೆ ಮಾರಕೂಡದವುಗಳ ಪಟ್ಟಿಗೆ ಸೇರಿಸಿತು.

ಈ ಚರಿತ್ರೆಯಿಂದ ಮನೆಯ ಹಿರಿಯರು ಕಲಿಯಬಹುದಾದುದು ಎರಡು. ಮೊದಲನೆಯದು, ಆರೋಪವನ್ನು ಬಿಡುವುದು. ಎರಡನೆಯದು, ಆತುರವನ್ನು ಬಿಡುವುದು. ಸೌಮ್ಯವಾದ ಸೋಪಿನಿಂದ ದಿನಕ್ಕೆ ಎರಡು ಸಲ ಮುಖ ತೊಳೆದರೆ ಸಾಕು. ಉಜ್ಜಿದರೂ ಚಿವುಟಿದರೂ ಕಲೆ ಉಳಿಯುತ್ತದೆ. ಯಾವ ಔಷಧವೇ ಆಗಲಿ, ಆರರಿಂದ ಎಂಟು ವಾರ ಕಾಯದೆ ಫಲವನ್ನು ನಿರ್ಣಯಿಸಬಾರದು. ಗಂಟುಗಳೆದ್ದು ಗುಳಿ ಬೀಳುವಂತಿದ್ದರೆ ತಡಮಾಡದೆ ಚರ್ಮವೈದ್ಯರಲ್ಲಿಗೆ ಕರೆದೊಯ್ಯಬೇಕು. ಮದುವೆಮನೆಯಲ್ಲಿ ನಾಲ್ವರೆದುರು ಮುಖ ಏನಾಯಿತೆಂದು ಕೇಳುವ ನೆಂಟರನ್ನು ತಡೆಯುವುದು ಸಹ ಈ ಚಿಕಿತ್ಸೆಯ ಒಂದು ಅಂಗವೇ. ಅದು ಯಾವ ವೈದ್ಯನೂ ಬರೆದುಕೊಡಲಾರದ, ತಂದೆತಾಯಿಗಳೇ ಮಾಡಬೇಕಾದ ಕೆಲಸ.